ಇಂಗಿನ ಡಬ್ಬಿ

ಎನ್.ಆರ್.ಪುರದ ದಿನಸಿ ಅಂಗಡಿ ಪರಮಶಿವಯ್ಯನವರ ಹೆಂಡತಿ ಪ್ರೇಮಕ್ಕ ಕೂತಲ್ಲಿ ಕೂರುವ ಹೆಂಗಸಲ್ಲ. ಒರೆಸಿದ ಕಟ್ಟೆಯನ್ನೇ ಒರೆಸುತ್ತಾಳೆ, ಮುಚ್ಚಿದ ಡಬ್ಬಿಯನ್ನೇ ಮತ್ತೆ ಒತ್ತಿ ಮುಚ್ಚುತ್ತಾಳೆ, ಅದರಲ್ಲೂ ಇಂಗಿನ ಡಬ್ಬಿಯನ್ನು. ಅದರೊಳಗೆ ಮೂರ್ಛೆರೋಗದ ಮಾತ್ರೆಗಳಿದ್ದವು, ಅವಳವೂ ಮಗಳು ನಿಶ್ಚಿತಾಳವೂ. ಬಂದುಹೋಗುವವರ ಕೈ ಇಂಗಿನ ಡಬ್ಬಿಗೆ ಹೋಗುವುದಿಲ್ಲವೆಂಬುದು ತೀರಿಹೋದ ಅತ್ತೆ ಕಂಡುಕೊಂಡ ಉಪಾಯ.

ನಿಶ್ಚಿತಾಳಿಗೆ ಬಾಳೆಹೊನ್ನೂರು ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ಹೆಣ್ಣಿಗೆ ಕಾಯಿಲೆಯಿದ್ದರೆ ಕೊರಳಿಗೆ ತಾಳಿ ಬೀಳುವ ತನಕ ಬಾಯಿ ಬಿಡಬಾರದು. ನಮ್ಮಲ್ಲಿ ಬೇರೆ ಯಾವ ಶಾಸ್ತ್ರ ತಪ್ಪಿದರೂ ಈ ಶಾಸ್ತ್ರ ತಪ್ಪುವುದಿಲ್ಲ. ಪರಮಶಿವಯ್ಯ ತೂಕದಲ್ಲಿ ಒಂದು ಕಾಳು ಮೋಸ ಮಾಡಿದವರಲ್ಲ, ಆದರೆ ಈ ಮಾತು ಬಂದರೆ ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ.

"ನಂಗೂ ಹೇಳ್ದೆ ತಾನೆ ಮದ್ವೆ ಮಾಡಿದ್ದು? ನಾನು ನಿನ್ನ ಬಿಟ್ನಾ? ಅವನೂ ಬಿಡಲ್ಲ. ಮದ್ವೆ ಕಳೀಲಿ, ಸುಮ್ನಿರು ಮಾರಾಯ್ತಿ."

ಹಲ್ಲಿನ ಡಾಕ್ಟರ ಹತ್ತಿರ ಎಂದು ಹೇಳಿ ಪ್ರೇಮಕ್ಕ ಗುರುವಾರ ಗುರುವಾರ ಕೊಪ್ಪಕ್ಕೆ ಹೋಗುತ್ತಿದ್ದಳು. ನಿಜಕ್ಕೂ ಹೋಗುತ್ತಿದ್ದುದು, ವಾಸಿಯಾಗದ ಕಾಯಿಲೆಯ ಹೆಂಗಸರು ದುಂಡಗೆ ಕೂತು ಮನಸ್ಸಿನ ಗಾಯ ಹೇಳಿಕೊಳ್ಳುವ ಕೂಟಕ್ಕೆ. ಅಲ್ಲೂ 'ನಾನು ಆರಾಮ' ಎಂದು ಸೆರಗಿನ ತುದಿ ತಿರುಚುತ್ತಿದ್ದಳು. ಕೂಟ ನಡೆಸುವ ರಶ್ಮಿ ಒಂದು ದಿನ ಕಾಯಿಲೆಯ ಮಾತು ಬಿಟ್ಟು, ಮಾತ್ರೆ ಎಲ್ಲಿ ಇಡುತ್ತೀರಿ ಎಂದು ಕೇಳಿದಳು. ಕೆರೆಕಟ್ಟೆಯ ಸೀತಕ್ಕ ದಿಂಬಿನ ಹತ್ತಿಯೊಳಗೆ ಎಂದಳು. ಇನ್ನೊಬ್ಬಳು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಎಂದಳು. ಪ್ರೇಮಕ್ಕ ಇಂಗಿನ ಡಬ್ಬಿ ಎಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗುತ್ತಲೇ ಅಳು ಬಂತು.

ಆಮೇಲೆ ತಡೆಯಲಾಗಲಿಲ್ಲ. ಮದುವೆಯ ದಿನ ತಾಯಿಯೇ ಮಾತ್ರೆ ಕಿತ್ತಿಟ್ಟುಕೊಂಡದ್ದು, ವಾರ ಕಳೆಯುವ ಮೊದಲು ಗಂಡನ ಮನೆಯ ಒಲೆಯ ಮೇಲೆ ಬಿದ್ದದ್ದು, ಕಣ್ಣು ಬಿಟ್ಟಾಗ ಸುಟ್ಟ ಕೈಗೆ ಮದ್ದು ಹುಡುಕುವ ಬದಲು ಎಲ್ಲರೂ ಬೀದಿ ಬಾಗಿಲು ಹಾಕಲು ಓಡಿದ್ದು, ಎಲ್ಲ ಹೇಳಿದಳು. ಉದ್ದ ತೋಳಿನ ರವಿಕೆ ಮಡಚಿ ಕಲೆ ತೋರಿಸಿದಳು.

"ಮಾತ್ರೆ ತಪ್ಪದಿದ್ರೆ ನಿಮ್ಮ ಕಾಯಿಲೆ ಹಿಡಿತದಲ್ಲೇ ಇರ್ತಿತ್ತು," ಎಂದಳು ರಶ್ಮಿ. "ನಿಮ್ಮನ್ನ ಒಲೆಗೆ ಬೀಳಿಸಿದ್ದು ಗುಟ್ಟು, ಪ್ರೇಮಕ್ಕ."

ಹೆಣ್ಣು ನೋಡುವ ದಿನ ಗಂಡಿನವರು ಹೇಳಿದ ಹೊತ್ತಿಗೆ ಬರಲಿಲ್ಲ. ಬಂದಾಗ ಮಾತ್ರೆಯ ಹೊತ್ತು ಮೀರುತ್ತಿತ್ತು. ಅವಲಕ್ಕಿ ತಟ್ಟೆ ಹಿಡಿದ ನಿಶ್ಚಿತಾಳ ಕಣ್ಣು ಅಡುಗೆಮನೆಯ ಕಡೆಗೇ. ಪರಮಶಿವಯ್ಯ ಕಣ್ಣಲ್ಲೇ ಬೇಡವೆಂದರು. ಹುಡುಗಿ ಯಾಕೆ ಬೆವರುತ್ತಿದ್ದಾಳೆ ಎಂದು ಗಂಡಿನ ತಾಯಿ ಸುಲೋಚನಮ್ಮ ಕೇಳಿದ್ದಕ್ಕೆ ಪರಮಶಿವಯ್ಯನವರೇ ಸೆಕೆ ಎಂದುಬಿಟ್ಟರು. ಪ್ರೇಮಕ್ಕ ಎದ್ದು ಹೋಗಿ ಇಂಗಿನ ಡಬ್ಬಿಯನ್ನೇ ತಂದು ಎಲ್ಲರ ನಡುವೆ ಇಟ್ಟಳು.

"ನಂಗೂ ಇವಳಿಗೂ ಫಿಟ್ಸ್ ಇದೆ. ಇದು ಇವಳ ಮಾತ್ರೆ. ನಿಮ್ಮನೇಲಿ ಎಲ್ರ ಎದುರಿಗೆ ತಗೊಳ್ಳೋ ಹಾಗಿದ್ರೆ ಮಾತ್ರ ಮುಂದಿನ ಮಾತು."

ಮುಂದಿನ ಮಾತು ಆಗಲಿಲ್ಲ. ಕಾಫಿ ಲೋಟದಲ್ಲೇ ತಣ್ಣಗಾಯಿತು. ಗಂಡಿನವರ ಜೀಪು ಹೋದ ಮೇಲೆ ಪರಮಶಿವಯ್ಯ, ಹೆತ್ತವಳೇ ಮಗಳ ಬಾಳಿಗೆ ಕಲ್ಲು ಹಾಕಿದಳು ಎಂದರು. ಪ್ರೇಮಕ್ಕನಿಗೆ ಆ ಮಾತಿಗಿಂತ ಮಗಳ ಮುಖ ನೋಡುವುದೇ ಭಯ.

ನಿಶ್ಚಿತಾ ಮಾತ್ರೆ ನುಂಗಿ ನೀರು ಕುಡಿದಳು. ಉಳಿದ ಮಾತ್ರೆಗಳ ಪಟ್ಟಿಗಳನ್ನು ಒರೆಸಿ, ನಡುಮನೆಯ ಕಿಟಕಿಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಅಪ್ಪನ ಕನ್ನಡಕದ ಪಕ್ಕ ಇಟ್ಟಳು. ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು.

"ಈ ಗುರುವಾರ ನಿನ್ನ ಹಲ್ಲಿನ ಡಾಕ್ಟರ್ ಹತ್ರ ನಾನೂ ಬರ್ತೀನಮ್ಮ," ಎಂದಳು.

ಬೆಳಿಗ್ಗೆ ಅಂಗಡಿಗೆ ಹೊರಟ ಪರಮಶಿವಯ್ಯ ಕಿಟಕಿಯ ಮುಂದೆ ನಿಂತರು. ಕನ್ನಡಕ ತೆಗೆದುಕೊಂಡರು. ಮಾತ್ರೆಗಳನ್ನು ಇದ್ದಲ್ಲೇ ಬಿಟ್ಟರು.