ಮುರಿಯದ ಹಪ್ಪಳ

ನಮ್ಮ ಹಪ್ಪಳ ಮುರಿಯುತ್ತಿದ್ದದ್ದು ಊಟಕ್ಕೆ ಕೂತವರ ಬಾಯಲ್ಲಲ್ಲ, ದಾರಿಯಲ್ಲಿ. ಕೈಲಾಂಚದ ಹತ್ತಿರದ ನಮ್ಮೂರಿನಿಂದ ಬಿಡದಿಯ ಕಾರ್ಖಾನೆಗೆ ಲಗೇಜ್ ಆಟೋ ಹೋಗಿ ಮುಟ್ಟುವಷ್ಟರಲ್ಲಿ, ಜಲ್ಲಿ ಲಾರಿಗಳು ಹಾಳು ಮಾಡಿದ ರಸ್ತೆ ಅರ್ಧಕ್ಕರ್ಧ ಹಪ್ಪಳವನ್ನು ಚೂರು ಮಾಡಿಬಿಡುತ್ತಿತ್ತು. ಅಲ್ಲಿನ ಕ್ಯಾಂಟೀನ್ ಗುತ್ತಿಗೆ ಹಿಡಿದಿದ್ದ ಸಿದ್ದರಾಮು ಕನಕಪುರದ ಕಡೆಯವನು, ನಯವಾಗಿ ಮಾತಾಡುವ ಮನುಷ್ಯ. ಮೂರನೇ ಸಲ ಚೂರಿನ ಮೂಟೆ ವಾಪಸ್ ಕಳಿಸಿದಾಗ ಮಾತ್ರ ನಯ ಬಿಟ್ಟು, ಇನ್ನೊಂದು ಲೋಡು ಹೀಗೇ ಬಂದರೆ ಬೆಂಗಳೂರಿನ ಮಿಷಿನ್ ಹಪ್ಪಳ ತರಿಸುತ್ತೇನೆಂದು ಹೇಳಿ ಕಳಿಸಿದ.

ಇದು ಎರಡು ಸಾವಿರದ ಆರರ ಮಾತು. ನಮ್ಮದು ಹನ್ನೊಂದು ಹೆಂಗಸರ ಸಂಘ. ನಾನು ಲತಾಮಣಿ, ಕಾರ್ಯದರ್ಶಿ. ಎಸ್ಸೆಸ್ಸೆಲ್ಸಿ ಪಾಸಾದ ತಪ್ಪಿಗೆ ಆ ಪಟ್ಟ ನನ್ನ ತಲೆಗೆ ಬಂದಿತ್ತು. ಹಿಟ್ಟು ಕುಟ್ಟುವವರು ನಮ್ಮತ್ತೆ ಮುನಿಯಮ್ಮ. ಉದ್ದಿನ ಹಿಟ್ಟನ್ನು ಹಪ್ಪಳಖಾರದ ಉಪ್ಪು ಕರಗಿಸಿದ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಒರಳಿಗೆ ಹಾಕಿ, ಎಣ್ಣೆ ಮುಟ್ಟಿಸುತ್ತಾ ಒನಕೆಯಲ್ಲಿ ಕುಟ್ಟಬೇಕು. ಹಿಟ್ಟು ಬೆಳ್ಳಗಾಗಿ, ಎಳೆದರೆ ತುಂಡಾಗದೆ ಉದ್ದಕ್ಕೆ ಬಂದಾಗ ನಿಲ್ಲಿಸಬೇಕು. ಯಾವಾಗ ನಿಲ್ಲಿಸಬೇಕೆಂಬುದು ಅತ್ತೆಯ ಕೈಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಹಪ್ಪಳ ಗಟ್ಟಿಯಾಗಲಿ ಎಂದು ನಾನು ಮಾಡದ ಕಸರತ್ತಿಲ್ಲ. ಬೇಳೆಯನ್ನು ಮಿಲ್ಲಿನಲ್ಲಿ ಎರಡೆರಡು ಸಲ ಬೀಸಿಸಿದೆ. ಹಪ್ಪಳಖಾರ ಹೆಚ್ಚು ಹಾಕಿಸಿದೆ, ಕರಿದಾಗ ಹಪ್ಪಳ ಕೆಂಪಗಾಗಿ ನಾಲಿಗೆ ಸುಟ್ಟಿತು. ಕುಟ್ಟಿದ ಹಿಟ್ಟನ್ನು ಒದ್ದೆ ಬಟ್ಟೆಯಡಿ ಮಧ್ಯಾಹ್ನದವರೆಗೆ ಇಟ್ಟು ನೋಡಿದೆ. ನೆರಳಲ್ಲಿ ಒಣಗಿಸಿದೆ, ಬೂಷ್ಟು ಬಂತು. ಎಲ್ಲ ಮುಗಿದ ಮೇಲೆ ಒಂದು ದಿನ ಸಂಘದಲ್ಲಿ ನಾನೇ ಬಾಯಿ ಬಿಟ್ಟೆ. ಅತ್ತೆಗೆ ಅರವತ್ತೈದು ದಾಟಿತು, ತೋಳಿನಲ್ಲಿ ಮೊದಲಿನ ಬಲವಿಲ್ಲ, ಇನ್ನು ನಮ್ಮಲ್ಲಿ ಗಟ್ಟಿ ತೋಳಿನ ದಾಸಮ್ಮ ಕುಟ್ಟಲಿ ಎಂದೆ. ಉಳಿದ ಒಂಬತ್ತು ಜನವೂ ಹೌದೆಂದರು. ಬಾಗಿಲ ಬಳಿ ಕೂತಿದ್ದ ಅತ್ತೆ ಸೀರೆ ಕೊಡವಿ ಎದ್ದರು. ಮನೆಗೆ ಬಂದು ತಟ್ಟೆಯ ಮುಂದೆ ಕೂತು ಮುದ್ದೆ ಮುರಿದರು, ತಿನ್ನದೆ ಎದ್ದರು. ಗಂಡ ದೇವರಾಜು ನನ್ನನ್ನು ನೋಡಿದ ನೋಟಕ್ಕೆ ನಾನೂ ತಟ್ಟೆ ಎತ್ತಿಟ್ಟೆ.

ಮಾರನೆಯ ದಿನ ಅತ್ತೆಯೇ ಕೇಳಿದರು.

"ಈ ಒಂದ್ ಲೋಡು ನಂಗ್ ಬುಡು ಮಗ್ಳೇ. ಇದೂ ಮುರುದ್ರೆ ಒನಕೆ ನಾನೇ ತಗಂಡೋಗಿ ದಾಸಮ್ಮನ ಕೈಗೆ ಕೊಡ್ತೀನಿ."

ಆ ವಾರ ಮಳೆ ಹಿಡಿದುಕೊಂಡಿತು. ಅತ್ತೆ ಎರಡು ದಿನ ಒಬ್ಬರೇ ಕುಟ್ಟಿದರು, ನಾವು ಲಟ್ಟಿಸಿದೆವು. ಒಣಗಿಸಲು ಬಿಸಿಲಿಲ್ಲ. ಊರಲ್ಲಿ ಬೆಚ್ಚಗೆ, ಗಾಳಿಯಾಡುವಂತೆ ಇದ್ದ ಜಾಗ ಒಂದೇ, ರೇಷ್ಮೆ ಹುಳು ಸಾಕುವ ನಮ್ಮ ಹುಳುಮನೆ. ಹಿಂದಿನ ಬೆಳೆಯ ಗೂಡು ಮಾರುಕಟ್ಟೆಗೆ ಹೋಗಿ, ಮುಂದಿನ ಮರಿ ಬರಲು ಇನ್ನೂ ವಾರವಿತ್ತು. ದೇವರಾಜು ಹಿಂದಿನ ದಿನವಷ್ಟೇ ಬಿದಿರ ತಟ್ಟೆಗಳಿಗೆ, ಗೋಡೆಗೆ, ನೆಲಕ್ಕೆ ಔಷಧಿ ಹೊಡೆದು ಬಾಗಿಲು ಮುಚ್ಚಿದ್ದ. ಹುಳುವಿಗೆ ರೋಗ ತಗುಲದಿರಲೆಂದು ಪ್ರತಿ ಬೆಳೆಗೂ ಹೊಡೆಯುವ ಔಷಧಿ ಅದು. ನಾವು ಬಾಗಿಲು ತೆಗೆದು, ಇನ್ನೂ ಪೂರ್ತಿ ಆರದ ತಟ್ಟೆಗಳ ಮೇಲೆ ಹಪ್ಪಳ ಹರಡಿದೆವು. ಕಣ್ಣು ಉರಿದು ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಹರಡುತ್ತಲೇ ಹೋದೆವು. ವರ್ಷಕ್ಕೆ ಐದಾರು ಬೆಳೆ ತೆಗೆಯುವ ಮನೆಯವರಿಗೆ ಆ ವಾಸನೆ ಕೊಟ್ಟಿಗೆಯ ವಾಸನೆಯಷ್ಟೇ ಸಹಜ. ದೇವರಾಜುವೂ ಬಂದು ನೋಡಿ, ಮರಿ ಬರುವ ಮುಂಚೆ ತಟ್ಟೆ ಖಾಲಿ ಮಾಡಿ ಎಂದಷ್ಟೇ ಹೇಳಿ ಹೋದ.

ಆ ಲೋಡಿನಲ್ಲಿ ಒಂದು ಹಪ್ಪಳವೂ ಮುರಿಯಲಿಲ್ಲ.

ಸಿದ್ದರಾಮು ತಾನೇ ಬೈಕು ಹತ್ತಿ ಬಂದ. ಕ್ಯಾಂಟೀನಿನಲ್ಲಿ ಒಂದು ಹಪ್ಪಳವನ್ನು ನೆಲಕ್ಕೆ ಹಾಕಿ ನೋಡಿದರಂತೆ, ಏನೂ ಆಗಲಿಲ್ಲವಂತೆ. ಒಸಿ ಕಮ್ಮಿ ಅರಳಿದರೂ ಚಿಂತೆಯಿಲ್ಲ, ಇಂಥದ್ದೇ ಬೇಕು, ಇದರ ಎರಡರಷ್ಟು ಬೇಕು ಎಂದ. ಯಾರು ಕುಟ್ಟಿದ್ದು ಎಂದು ಕೇಳಿ, ಅತ್ತೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಅದನ್ನು ನೋಡಿ ದಾಸಮ್ಮ, ಯಲ್ಲಮ್ಮ, ಎಲ್ಲರೂ ಒಬ್ಬೊಬ್ಬರಾಗಿ ಒತ್ತಿಕೊಂಡರು. ನಾನೂ ಒತ್ತಿಕೊಂಡೆ. ನನ್ನ ಸರದಿ ಬಂದಾಗ ಅತ್ತೆ ಕೈ ಎಳೆದುಕೊಳ್ಳುವಂತೆ ನಟಿಸಿ, ಈ ಕೈಯಲ್ಲಿ ಬಲ ಇಲ್ಲ ಕಣ್ ಮಗ್ಳೇ ಎಂದು ನಕ್ಕರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಅತ್ತೆ ಹತ್ತು ವರ್ಷ ಚಿಕ್ಕವರಾದರು. ಬೆಳಿಗ್ಗೆ ಎದ್ದು ಕೈಗೆ ಹರಳೆಣ್ಣೆ ತಿಕ್ಕಿಕೊಳ್ಳುವುದೇನು, ಹಾಲಿನ ಡೈರಿಯ ಮುಂದೆ ನಿಂತು ಹಿಟ್ಟಿನ ಹದದ ಬಗ್ಗೆ ಪಾಠ ಹೇಳುವುದೇನು. ಪಕ್ಕದೂರಿನ ಸಂಘದವರು ಕೇಳಿಕೊಂಡು ಬಂದಾಗ ಕಾಲ ಮೇಲೆ ಕಾಲು ಹಾಕಿ ಕೂತಿದ್ದನ್ನು ನಾನು ಕಣ್ಣಾರೆ ಕಂಡೆ. ಮಾವ ತೀರಿಕೊಂಡ ಮೇಲೆ ಅವರನ್ನು ಹಾಗೆ ನೋಡಿರಲಿಲ್ಲ.

ಮುಂದಿನ ಲೋಡಿಗೆ ಒಳ್ಳೆಯ ಬಿಸಿಲಿತ್ತು, ತಾರಸಿಯ ಮೇಲೆ ಒಣಗಿಸಿದೆವು. ಮುರಿಯಿತು. ಸಿದ್ದರಾಮು ಬೇಸರ ಮಾಡಿಕೊಳ್ಳದೆ, ಒಂದೊಂದು ಸಲ ಹೀಗಾಗುತ್ತೆ, ಒಸಿ ಗಮನ ಕೊಡಲಿ ಅಂತ ಅಜ್ಜಿಗೆ ಹೇಳಿ ಎಂದ. ಅತ್ತೆ ಇನ್ನೂ ಹೆಚ್ಚು ಹೊತ್ತು ಕುಟ್ಟಿದರು, ಅಂಗೈಯಲ್ಲಿ ಬೊಬ್ಬೆ ಬಂದು ಒಡೆಯಿತು. ಅದೂ ಮುರಿಯಿತು. ಅದೇ ಬೇಳೆ, ಅದೇ ಖಾರ, ಅದೇ ಕೈ. ನನಗೆ ತಲೆ ಕೆಟ್ಟುಹೋಯಿತು.

ಆ ಭಾನುವಾರ ನಾದಿನಿ ಮಾನ್ಯ ಬಂದಳು. ಅತ್ತೆಯ ಕಿರಿ ಮಗಳು, ಚನ್ನಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮುರಿಯದ ಆ ಲೋಡಿನಲ್ಲಿ ಉಳಿದಿದ್ದ ನಾಲ್ಕು ಹಪ್ಪಳವನ್ನು ಹೆಮ್ಮೆಗೆಂದು ಕರಿದುಕೊಟ್ಟೆ. ಒಂದು ಚೂರು ಕಚ್ಚಿ ಹಿತ್ತಲಿಗೆ ಹೋಗಿ ಉಗುಳಿದಳು. ಎಲ್ಲಿ ಒಣಗಿಸಿದಿರಿ ಅತ್ತಿಗೆ ಎಂದು ಕೇಳಿದಳು. ಹೇಳಿದೆ. ಲ್ಯಾಬಿನಲ್ಲಿ ಸತ್ತ ಕಪ್ಪೆಯನ್ನು ಕೊಳೆಯದಂತೆ ಬಾಟಲಿಯಲ್ಲಿ ಮುಳುಗಿಸಿಡುತ್ತಾರಲ್ಲ, ನೀವು ಹುಳುಮನೆಗೆ ಹೊಡೆಯುವುದೂ ಅದೇ ಫಾರ್ಮಲಿನ್ನು, ಮಾಂಸವಾಗಲಿ ಬೇಳೆಯಾಗಲಿ ಅದು ತಾಗಿದರೆ ಬಿಗಿದುಕೊಳ್ಳುತ್ತೆ, ಅದಕ್ಕೇ ಮುರಿದಿಲ್ಲ, ಅದು ವಿಷ ಎಂದಳು. ಆ ಲೋಡನ್ನು ಎಷ್ಟು ಜನ ತಿಂದಿದ್ದರೋ.

ದೇವರಾಜುವಿಗೆ ಹೇಳಿದರೆ, ತಿಂದದ್ದು ತಿಂದಾಯಿತು, ಯಾರಿಗೂ ಏನೂ ಆಗಿಲ್ಲ, ಸುಮ್ಮನಿರು, ಅವ್ವನ ಮುಖ ನೋಡು ಎಂದ. ಅವನು ಹೇಳಿದ್ದು ಅವ್ವನ ಮೇಲಿನ ಪ್ರೀತಿಯಿಂದ ಎಂದು ಗೊತ್ತಿದ್ದರಿಂದ ಜಗಳವಾಡಲೂ ಆಗಲಿಲ್ಲ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಸಂಘ ಸೇರಿಸಿ, ಅತ್ತೆಯ ಎದುರಿಗೇ ಎಲ್ಲವನ್ನೂ ಹೇಳಿದೆ.

ಒಬ್ಬರಾದರೂ ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ. ದಾಸಮ್ಮ ಸೆರಗು ಸರಿಮಾಡಿಕೊಂಡು, ಹಾಗಾದರೆ ಮಳೆಯಿಲ್ಲದಿದ್ದರೂ ಹುಳುಮನೆಯಲ್ಲೇ ಒಣಗಿಸಿದರಾಯಿತು ಎಂದಳು. ಯಲ್ಲಮ್ಮ, ಔಷಧಿಯನ್ನು ಒಸಿ ತೆಳ್ಳಗೆ ಮಾಡಿದರೆ ವಾಸನೆಯೂ ಬರಲ್ಲ ಎಂದಳು. ಮದುವೆಯಾಗಿ ಬಂದಾಗಿನಿಂದ ಅದನ್ನು ಕುಡಿದ ಹಾಗೆ ಉಸಿರಾಡುತ್ತಿದ್ದೇವೆ, ನಾವೇನು ಸತ್ತೆವಾ ಎಂಬುದು ಎಲ್ಲರ ಮಾತು. ಅವರು ಕೆಟ್ಟವರಲ್ಲ. ನಮ್ಮ ಕಣ್ಣಿನ ಉರಿಯನ್ನೇ ನಾವು ಲೆಕ್ಕಕ್ಕೆ ಇಟ್ಟಿರಲಿಲ್ಲ, ಕಾಣದವರ ಹೊಟ್ಟೆಯ ಉರಿ ಎಲ್ಲಿಂದ ಲೆಕ್ಕಕ್ಕೆ ಬರಬೇಕು. ಕೊನೆಗೆ ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅವರು ಬೇಡವೆಂದರೆ ಬೇಡ, ಆ ಹೊತ್ತಿಗೆ ಅವರ ಮಾತಿಗೆ ಅಷ್ಟು ಬೆಲೆ ಬಂದಿತ್ತು.

ಹಾಲಿಗೆ ನೊಣ ಬಿದ್ದರೆ ಪಾತ್ರೆಯನ್ನೇ ಚೆಲ್ಲುತ್ತಿದ್ದ ಹೆಂಗಸು ಅವರು. ಬೇಡ ಎನ್ನುತ್ತಾರೆಂದು ಕಾದೆ. ಅವರು ಬೊಬ್ಬೆಯೊಡೆದ ಅಂಗೈಗಳನ್ನು ಮಡಿಲಲ್ಲಿಟ್ಟು ನೋಡಿಕೊಳ್ಳುತ್ತಿದ್ದರು.

"ಅಲ್ಲೇ ಒಣಗ್ಸನ. ಸಿದ್ದರಾಮುಗೆ ಏನೂ ಹೇಳದ್ ಬ್ಯಾಡ" ಎಂದರು.

ನನಗೆ ಕೋಪ ಬರಬೇಕಿತ್ತು. ಬಂದದ್ದು ಅಳು. ಮಾರನೆಯ ದಿನ ಯಾರಿಗೂ ಹೇಳದೆ ರಾಮನಗರಕ್ಕೆ ಹೋಗಿ, ಅಲ್ಲಿಂದ ಬಿಡದಿಯ ಬಸ್ಸು ಹತ್ತಿದೆ. ಕ್ಯಾಂಟೀನಿನ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ಸಿದ್ದರಾಮುವನ್ನು ನಿಲ್ಲಿಸಿಕೊಂಡು ಹೇಳಿದೆ. ಆ ವಾರ ಕೆಲವರು ಹೊಟ್ಟೆಯಲ್ಲಿ ಉರಿ ಎಂದಿದ್ದರಂತೆ, ಇವನು ಸಾಂಬಾರಿನ ಖಾರ ಎಂದು ಅಡುಗೆಯವನಿಗೆ ಬೈದಿದ್ದನಂತೆ. ಉಳಿದಿದ್ದ ಹಪ್ಪಳದ ಡಬ್ಬವನ್ನು ನನ್ನೆದುರಿಗೇ ಗುಂಡಿಗೆ ಸುರಿಸಿದ. ಹೇಳಿದ್ದಕ್ಕೆ ಕೈ ಮುಗಿದ, ಇನ್ನು ನಿಮ್ಮೂರಿಂದ ಹಪ್ಪಳ ಬೇಡ ಎಂದ. ಅವನ ತಪ್ಪೇನೂ ಇಲ್ಲ.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ, ನನ್ನ ಮುಖದಲ್ಲೇ ಓದಿಕೊಂಡರು. ಆರ್ಡರು ಹೋಯಿತಾ ಎಂದೂ ಕೇಳಲಿಲ್ಲ.

"ನನ್ ಕೈಯಿಂದ ಆದದ್ದಲ್ಲ ಅಂತ ಅವನ್ಗೆ ಹೇಳ್ದ್ಯಾ?"

ಸುಳ್ಳು ಹೇಳಬಹುದಿತ್ತು. ಹೌದು ಅತ್ತೆ, ಹೇಳದೆ ವಿಧಿಯಿರಲಿಲ್ಲ ಎಂದೆ. ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು.

"ನೀನ್ ಮಾಡಿದ್ದು ಸರಿಯಾಗೈತೆ ಕಣವ್ವ. ವಿಷ ಇಕ್ಕಾಕೆ ಒಪ್ಪಿದ್ ನಾನೇ ಕೆಟ್ಟೋಳು. ಆದ್ರೂ ಇನ್ಮ್ಯಾಕೆ ನಿನ್ನ ಮಗ್ಳೇ ಅಂತ ಕರ್ಯಾಕೆ ನನ್ನ ಬಾಯಿ ಬರಾಕಿಲ್ಲ. ಬಂದಾಗ ಕರೀತೀನಿ, ಕಾಯ್ತಿರು."

ಅವರು ಎದ್ದು ಒಳಗೆ ಹೋಗಿ, ಎಂದಿನಂತೆ ನನಗೂ ಸೇರಿಸಿ ತಟ್ಟೆ ಹಾಕಿದರು. ಊಟ ಮಾಡಿದೆ. ಅಂದಿನಿಂದ ಅವರು ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಾಲ್ಕು ವರ್ಷವಾಯಿತು, ನಾನಿನ್ನೂ ಕಾಯುತ್ತಿದ್ದೇನೆ.