ಹೋದಳು, ಹೋಯಿತು

೨೦೨೫ರ ಆಗಸ್ಟ್ ೧೩, ಬುಧವಾರ, ಬೆಳಿಗ್ಗೆ ೧೧ ಗಂಟೆ ೪೦ ನಿಮಿಷ. ಮಿಯಾಪುರದ ಕಚೇರಿಯಲ್ಲಿ ಶಾಂಭವಿಯ ಕಂಪ್ಯೂಟರ್ ಪರದೆಯ ಮೇಲೆ ಎರಡೇ ಪದ: "ಬೆಳಿಗ್ಗೆಯೇ ಹೋದಳು."

ಅವಳು ತಕ್ಷಣ ಫೋನ್ ಎತ್ತಿಕೊಂಡಳು.

ತಂಗಿ ಪೂರ್ವಿ ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿ ನಾಲ್ಕು ದಿನದಿಂದ ಜ್ವರ ಬಂದು ಮಲಗಿದ್ದಳು. ಬೆಳಗಿನಿಂದ ಅವಳ ಫೋನ್ ಸ್ವಿಚ್ ಆಫ್. ಶಾಂಭವಿ ವಾರ್ಡನ್‌ಗೆ ಹಿಂದಿಯಲ್ಲಿ "ಜ್ವರ ಹೇಗಿದೆ?" ಎಂದು ಬರೆದಿದ್ದಳು. ಉತ್ತರ ತೆಲುಗಿನಲ್ಲಿ ಬಂತು. ಮೈಸೂರಿನಿಂದ ಬಂದು ಎರಡು ತಿಂಗಳಾಗಿದ್ದ ಅವಳು ತೆಲುಗು ಅಕ್ಷರ ಕೂಡಿಸಿ ಓದಬಲ್ಲಳು, ಅರ್ಥ ತಿಳಿಯದು. ತಾನು ಕೆಲಸದಲ್ಲಿ ದಿನವೂ ಪರೀಕ್ಷಿಸುವ ಎಐ ಭಾಷಾ ಮಾದರಿಗೇ ಅದನ್ನು ಕೊಟ್ಟು, "ನನ್ನ ತಂಗಿ ಪೂರ್ವಿಯ ವಿಷಯವಾಗಿ ಬಂದ ಸಂದೇಶ, ಕನ್ನಡದಲ್ಲಿ ಹೇಳು" ಎಂದಿದ್ದಳು.

ವಾರ್ಡನ್‌ಗೆ ಮೂರು ಸಲ ಕರೆ ಮಾಡಿದಳು. ಎತ್ತಲಿಲ್ಲ.

ಚಹಾ ತಂದ ಅನ್ನಮ್ಮ ಲೋಟ ಇಡುವುದನ್ನೇ ಮರೆತು ನಿಂತಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಇಪ್ಪತ್ತು ವರ್ಷ ಇಲ್ಲೇ ಉಳಿದ ಹೆಂಗಸು.

"ಯಾಕ್ರಿ ಮೇಡಂ, ಮಾರಿ ಹಿಂಗ್ಯಾಕ ಬೆಳ್ಳಗಾಗೇತಿ?"

"ತಂಗಿ ಹೋದಳಂತೆ, ವಾರ್ಡನ್ ಬರೆದಿದ್ದಾರೆ," ಎಂದು ಶಾಂಭವಿ ಫೋನ್ ಚಾಚಿದಳು.

"ನನಗ ಓದಾಕ ಬರಂಗಿಲ್ರಿ. ನೀವೇ ಓದ್ರಿ."

"ಪೊದ್ದುನ್ನೇ... ಪೋಯಿಂದಿ."

"ನೀವೇನ್ ಕೇಳಿದ್ರಿ?"

"ಜ್ವರ ಹೇಗಿದೆ ಅಂತ."

"ಮತ್ತ! ಜ್ವರ ಹೋತು ಅಂದಾರ್ರಿ. ತೆಲುಗಿನ್ಯಾಗ ಹೆಣ್ಮಗಳು ಹೋದ್ರೂ ಪೋಯಿಂದಿ, ಜ್ವರ ಹೋದ್ರೂ ಪೋಯಿಂದಿ. ಕೇಳಿದ್ದು ಬಿಟ್ಟು ಪಾಪ ತಂಗೀನ್ನ ಯಾಕ ಕಳಸ್ತೀರಿ?"

ಶಾಂಭವಿಗೆ ಎರಡನೆಯ ಆಘಾತ ಇಲ್ಲಿ ತಗುಲಿತು. ಕ್ರಿಯಾಪದ ತನ್ನ ನಿಜವಾದ ಕರ್ತೃವನ್ನು ಬಿಟ್ಟು ಪಕ್ಕದ ಹೆಸರಿಗೆ ಅಂಟಿಕೊಳ್ಳುವ ತಪ್ಪು ಮನುಷ್ಯರಲ್ಲಿ ಎಷ್ಟು, ಯಂತ್ರದಲ್ಲಿ ಎಷ್ಟು ಎಂದು ಆರು ವಾರಗಳಿಂದ ಅಳೆಯುತ್ತಿದ್ದವಳು ಅವಳೇ. ಯಂತ್ರಕ್ಕೆ ತಂಗಿಯ ಹೆಸರು ಕೊಟ್ಟಿದ್ದಳು, ತಾನು ಕೇಳಿದ್ದ ಪ್ರಶ್ನೆಯನ್ನು ಕೊಟ್ಟಿರಲಿಲ್ಲ. ಯಂತ್ರ ಹೆಸರಿಗೆ ಅಂಟಿಕೊಂಡಿತು. ಆದರೆ ಪ್ರಶ್ನೆ ಅವಳಿಗೆ ಗೊತ್ತಿತ್ತಲ್ಲ! ಒಂದು ಕ್ಷಣವೂ ಅನುಮಾನಿಸದೆ ತಂಗಿಯನ್ನು ಸಾಯಿಸಿಬಿಟ್ಟಿದ್ದಳು.

ಆದರೂ ವಾರ್ಡನ್‌ಗೆ ಮತ್ತೆ ಕರೆ ಮಾಡಿದಳು. ಅನ್ನಮ್ಮನದೂ ಊಹೆಯೇ ತಾನೇ?

೧೧ ಗಂಟೆ ೫೦ ನಿಮಿಷಕ್ಕೆ ವಾರ್ಡನ್ ನಂಬರಿನಿಂದ ಕರೆ ಬಂತು.

"ಅಕ್ಕಾ, ಚಾರ್ಜರ್ ಕೆಟ್ಟೋಗಿದೆ ಕಣೇ. ಅಯ್ಯೋ, ಯಾಕೆ ಅಳ್ತಿದೀಯಾ?"

"ಥರ್ಮಾಮೀಟರ್ ಇಟ್ಕೊಂಡು ನೋಡು. ಈಗಲೇ."

"ಜ್ವರ ಹೋಯ್ತು ಅಂತ ಆಂಟಿ ಹೇಳಲಿಲ್ವಾ?"

"ಯಾರೂ ಏನೂ ಹೇಳೋದು ಬೇಡ. ನೋಡಿ ನಂಬರ್ ಓದು."

ಅನ್ನಮ್ಮ ಲೋಟ ಹಿಡಿದುಕೊಂಡೇ ನಿಂತಿದ್ದಳು. ಎರಡು ನಿಮಿಷದ ಮೇಲೆ ಪೂರ್ವಿ ಓದಿದಳು: ೯೮.೪ ಡಿಗ್ರಿ ಫ್ಯಾರನ್‌ಹೀಟ್.