ರಫೂಗಾರನ ಬ್ರೆಡ್ಡು

ಪೀಂ ಪೀಂ ಎಂದು ಸದ್ದು ಶುರುವಾದಾಗ ಹೆಣದ ಸುತ್ತ ಕೂತವರೆಲ್ಲ ಜೇಬು ಮುಟ್ಟಿ ನೋಡಿಕೊಂಡರು. ಯಾರ ಫೋನೂ ಅಲ್ಲ. ಅಡುಗೆಮನೆಯಲ್ಲಿ ಬ್ರೆಡ್ ಮಾಡುವ ಯಂತ್ರ ಕೂಗುತ್ತಿತ್ತು. ರಫೂಗಾರ ರಾತ್ರಿ ಹಿಟ್ಟು, ನೀರು, ಈಸ್ಟ್ ಹಾಕಿ, ಬೆಳಿಗ್ಗೆ ಎಂಟಕ್ಕೆ ಟೈಮರ್ ಇಟ್ಟು ಮಲಗಿದ್ದ. ಬ್ರೆಡ್ಡು ಹೊತ್ತಿಗೆ ಸರಿಯಾಗಿ ಎದ್ದಿತ್ತು, ಅವನು ಏಳಲಿಲ್ಲ.

"ನಾನು ನೋಡ್ತೀನಿ" ಎಂದು ಅವನ ಹೆಂಡತಿಯ ತಂಗಿ ಒಳಗೆ ನಡೆದಳು. ಹೆಂಡತಿ ಥಟ್ಟನೆ ತಲೆಯೆತ್ತಿದಳು. ಯಾರು ಬೇಕಾದರೂ ಹೋಗಲಿ, ಇವಳೊಬ್ಬಳು ಹೋಗಬಾರದಿತ್ತು. ಏಳಹೋದವಳನ್ನು ಪಕ್ಕದ ಮನೆಯಾಕೆ ಭುಜ ಅದುಮಿ ಕೂರಿಸಿ, ಅತ್ತು ಹಗುರ ಮಾಡಿಕೋ ಎಂದಳು.

* * *

ನಾಲ್ಕು ವರ್ಷದ ಹಿಂದೆ ಅಕ್ಕತಂಗಿಯರು ಒಂದೇ ಅಂಗಡಿಯಲ್ಲಿ ಒಂದೇ ಥರದ ಯಂತ್ರ ಕೊಂಡಿದ್ದರು. ಹಿಟ್ಟು ಕಲಸುವ ರೆಕ್ಕೆ ಸಿಕ್ಕಿಕೊಂಡು ತಂಗಿಯ ಬ್ರೆಡ್ಡಿನ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅಕ್ಕನ ಬ್ರೆಡ್ಡಿನಲ್ಲಿ ತೂತಿನ ಸುಳಿವೇ ಇಲ್ಲ. ಗುಟ್ಟೇನು ಎಂದು ಕೇಳಿದರೆ ಅಕ್ಕ "ಕೈಗುಣ" ಎಂದು ಜಾರಿಕೊಂಡಳು. ತಂಗಿ ಎರಡು ಸಲ ಯಂತ್ರ ಬದಲಾಯಿಸಿದಳು, ಅಂಗಡಿಯವನಿಂದ ಬೈಸಿಕೊಂಡಳು, ಕೊನೆಗೆ ಒಡಹುಟ್ಟಿದವಳೇ ಬಚ್ಚಿಡುತ್ತಾಳಲ್ಲ ಎಂದು ಮುಖ ಊದಿಸಿಕೊಂಡು ಬರುವುದನ್ನೇ ಬಿಟ್ಟಳು. ಇವತ್ತು ಸಾವಿನ ಸುದ್ದಿ ಕೇಳಿಯೇ ಬಂದಿದ್ದಳು.

ಅಸಲು ಸಂಗತಿ ಇಷ್ಟೇ. ಗಂಡ ದಿನಾ ಬಾಗಿಲು ಹಾಕಿಕೊಂಡು, ಬ್ರೆಡ್ಡಿನ ತುದಿಯಿಂದ ಒಂದು ಚೂರು ಕತ್ತರಿಸಿ, ಅಂಚಿಗೆ ಹಾಲು ಸವರಿ, ತೂತಿಗೆ ತುಂಬಿ ಒತ್ತುತ್ತಿದ್ದ. ನಲವತ್ತು ವರ್ಷ ಊರವರ ಕೋಟಿನ ತೂತನ್ನು ಗುರುತೇ ಸಿಗದಂತೆ ನೂಲಿನಿಂದ ನೇಯ್ದು ಮುಚ್ಚಿದವನಿಗೆ ತನ್ನ ಮನೆಯಲ್ಲೊಂದು ತೂತು ಸಹಿಸಲಾಗಲಿಲ್ಲ. "ಕಂಡರೆ ಅದು ರಫೂನೇ ಅಲ್ಲ. ಯಾರಿಗೂ ಹೇಳ್ಬೇಡ" ಎಂದು ಮಾತು ತೆಗೆದುಕೊಂಡಿದ್ದ. ಅವಳು ಮಾತು ಉಳಿಸಿಕೊಂಡಳು, ತಂಗಿಯನ್ನು ಕಳೆದುಕೊಂಡಳು. ಬೀದಿಯಾಚೆಯಿಂದಲೇ ಕೋಟಿನ ತೂತು ಗುರುತಿಸುವ ಗಂಡನಿಗೆ ಇದು ಕಾಣಲೇ ಇಲ್ಲ.

* * *

ಅಕ್ಕ ಪಕ್ಕದ ಮನೆಯಾಕೆಯಿಂದ ಬಿಡಿಸಿಕೊಂಡು ಅಡುಗೆಮನೆಗೆ ಓಡಿ ಬರುವಷ್ಟರಲ್ಲಿ ತಂಗಿ ಬ್ರೆಡ್ಡನ್ನು ತಲೆಕೆಳಗು ಮಾಡಿ ನೋಡುತ್ತಿದ್ದಳು.

"ಅಕ್ಕಾ, ನಿಮ್ಮನೇದ್ರಲ್ಲೂ ತೂತು ಇರುತ್ತಾ?"

ಇವತ್ತು ಯಂತ್ರ ನೋಡಿಕೊಳ್ಳುವವರಿರಲಿಲ್ಲ, ಅದಕ್ಕೇ ತೂತು ಬಿತ್ತು ಎಂದಿದ್ದರೆ ಗುಟ್ಟು ಉಳಿಯುತ್ತಿತ್ತು. ಅಕ್ಕ ಬಾಗಿಲಾಚೆ ಮಲಗಿದ್ದ ಗಂಡನನ್ನೊಮ್ಮೆ ನೋಡಿದಳು. ಕೊಟ್ಟ ಮಾತು ಅವನ ಜೊತೆಗೇ ಹೋಯಿತೋ, ತನ್ನ ಹತ್ತಿರವೇ ಉಳಿಯಿತೋ ಅವಳಿಗೆ ತಿಳಿಯಲಿಲ್ಲ. ಚಾಕು ತೆಗೆದುಕೊಂಡು ತುದಿಯಿಂದ ಚೂರು ಕತ್ತರಿಸಿದಳು, ಹಾಲು ಸವರಿದಳು, ತೂತಿಗೆ ತುರುಕಿದಳು.

ತಂಗಿ ನೋಡುತ್ತಲೇ ನಿಂತಳು. ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡಳು. ಹೊರಗಿದ್ದವರು ಅವಳು ಬಿಕ್ಕುತ್ತಿದ್ದಾಳೆಂದು ಮರುಗಿದರು. ಆ ಹೊತ್ತಿಗೆ ಅದು ಅಳುವೂ ಆಗಿತ್ತು.

"ನಾಲ್ಕು ವರ್ಷ ಇದಕ್ಕೇನಕ್ಕಾ?"

"ಇದಕ್ಕೇ ಕಣೇ."

ಅಕ್ಕನ ಕೈ ಅವನ ಕೈಯಲ್ಲ. ಬ್ರೆಡ್ಡನ್ನು ಎತ್ತುತ್ತಿದ್ದಂತೆ ತೇಪೆ ಕಳಚಿ ತಟ್ಟೆಗೆ ಬಿತ್ತು. ತಂಗಿ ಅದನ್ನು ಹೆಕ್ಕಿ, ಬೆಳಗಿನಿಂದ ಹನಿ ನೀರೂ ಕುಡಿಯದ ಅಕ್ಕನ ಬಾಯಿಗೆ ಇಟ್ಟಳು.